ಮಗಳು ಮೂರನೇ ಡಿವಿಜನ್ನಿಗೆ ಬಂದದ್ದು

ಮೊನ್ನೆ ಕರಿಬೇವಿನ ಕುಂಡಕ್ಕೆ ನೀರು ಹಾಕಲು ಹೋದಾಗ ಗಿಡದ ಪಕ್ಕದಲ್ಲಿ ನನ್ನ ಶಿನ್ ಗಾರ್ಡು ನಿಂತಿತ್ತು. ಫುಟ್‌ಬಾಲ್ ಆಡುವವರು ಕಾಲ್ಚೀಲದೊಳಗೆ, ಮೊಣಕಾಲಿನ ಕೆಳಗೆ ತುರುಕಿಕೊಳ್ಳುತ್ತಾರಲ್ಲ, ಆ ಪ್ಲಾಸ್ಟಿಕ್ ಕವಚ. ಅದನ್ನು ಮಣ್ಣಿಗೆ ಸಿಗಿಸಿ, ಗಿಡದ ಕಾಂಡವನ್ನು ಅದಕ್ಕೆ ದಾರದಿಂದ ಕಟ್ಟಲಾಗಿತ್ತು. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕರಿಬೇವಿನ ಗಿಡ ಬದುಕಿಸಿದವರಿಗೆ ಸಿಗುವ ಮರ್ಯಾದೆ ಸ್ಟಾರ್ಟಪ್ಪು ಮಾರಿದವರಿಗೂ ಸಿಗುವುದಿಲ್ಲ, ಒಪ್ಪುತ್ತೇನೆ. ಆದರೂ ನನಗೆ ಸ್ವಲ್ಪ ಬೇಜಾರಾಯಿತು.

"ಸುಮಾ, ಇದು ನನ್ನದಲ್ವಾ?" ಅಂದೆ.

"ನಿಮ್ಮ ಕಾಲಲ್ಲಿದ್ದಾಗ ಅದು ಏನನ್ನ ಕಾಪಾಡಿತ್ತು ಹೇಳಿ? ಈ ಗಿಡವನ್ನಾದರೂ ಕಾಪಾಡ್ಲಿ ಬಿಡಿ," ಅಂದಳು ನನ್ನ ಹೆಂಡತಿ.

ನನ್ನ ಫುಟ್‌ಬಾಲಿನ ಚರಿತ್ರೆ ಅಂಥದ್ದು. ಅದು ಶುರುವಾದದ್ದೂ ಹಾಗೆಯೇ, ಮಂಡ್ಯದ ಹೈಸ್ಕೂಲಿನಲ್ಲಿ. ಇಡೀ ಶಾಲೆಗೆ ಇದ್ದದ್ದು ಒಂದೇ ಚೆಂಡು. ಪಿ.ಟಿ. ಮೇಷ್ಟ್ರು ಕೆಂಪಯ್ಯನವರು ನಮ್ಮನ್ನೆಲ್ಲ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ, ಎತ್ತು ಕೊಳ್ಳಲು ಬಂದವರ ಹಾಗೆ ಕಾಲುಗಳನ್ನು ನೋಡಿ, ಮೂರು ಪಾಲು ಮಾಡುತ್ತಿದ್ದರು: ಎ ಟೀಮು, ಬಿ ಟೀಮು, ಮಿಕ್ಕವರು. ನಾನು ಮಿಕ್ಕವರು. ಮೈದಾನದ ಪಕ್ಕದಲ್ಲೇ ನಾಲೆ ಹರಿಯುತ್ತಿತ್ತು. ಜೋರಾಗಿ ಒದ್ದರೆ ಚೆಂಡು ನಾಲೆಗೆ. ಅದರ ಜೊತೆಗೇ ಓಡಿ, ಮುಂದಿನ ತೂಬಿನ ಹತ್ತಿರ ಹಿಡಿದು ತರುವುದು ಮಿಕ್ಕವರ ಕೆಲಸ. ಹೀಗಾಗಿ ಎ ಟೀಮಿನವರು ಫುಟ್‌ಬಾಲ್ ಕಲಿತರು, ನಾವು ಈಜು ಕಲಿತೆವು. ಕೆಂಪಯ್ಯನವರು ಇದನ್ನೂ ತಮ್ಮ ಸಾಧನೆ ಅಂತಲೇ ಹೆಡ್‌ಮಾಸ್ಟರಿಗೆ ಹೇಳಿಕೊಂಡಿದ್ದರಂತೆ.

ಆಮೇಲೆ ಚೆಂಡಿನ ಸಹವಾಸವೇ ಇರಲಿಲ್ಲ. ಇಲ್ಲಿನ ನೆವಾರ್ಕಿಗೆ ಬಂದು ಮನೆ, ಮಾರ್ಟ್‌ಗೇಜು, ಕೊಲೆಸ್ಟರಾಲು ಎಲ್ಲ ಸಂಪಾದಿಸಿದ ಮೇಲೆ ಡಾಕ್ಟರು "ಏನಾದರೂ ಆಡಿ" ಅಂದರು. ಆಗ ಆಫೀಸಿನಲ್ಲಿ ನನ್ನ ಪಕ್ಕದ ಡೆಸ್ಕಿನವನಾದ ಕೀತ್ ನನ್ನ ಕೈ ಹಿಡಿದ. ಕೀತ್ ಇಂಗ್ಲೆಂಡಿನವನು. ಇಂಗ್ಲೆಂಡಿನ ಉತ್ತರದಲ್ಲಿ ಒಂದು ಪುಟ್ಟ ಊರು ಅವನದು. ಕ್ಯಾಲಿಫೋರ್ನಿಯಾದ ಬಿಸಿಲನ್ನು ಇಷ್ಟು ವರ್ಷವಾದರೂ ಅನುಮಾನದಿಂದಲೇ ನೋಡುವ ಮನುಷ್ಯ. ಭಾನುವಾರ ಪಾರ್ಕಿನಲ್ಲಿ ಸುಮ್ಮನೆ ಚೆಂಡು ಒದೆಯುತ್ತಿದ್ದ ನಮ್ಮ ಕನ್ನಡದವರ ಗುಂಪು, ಅವನು ಕ್ಯಾಪ್ಟನ್ನಾಗಿ ಸೇರಿದ ಮೇಲೆ ಒಂದು ಟೀಮಾಗಿ, ಸ್ಥಳೀಯ ಲೀಗಿನ ಮೂರನೇ ಡಿವಿಜನ್ನಿಗೆ ಸೇರಿತು. ನಾಲ್ಕನೆಯದು ಇರಲಿಲ್ಲ. ಟೀಮಿಗೆ ಗಂಡಭೇರುಂಡ ಅಂತ ಹೆಸರಿಟ್ಟೆವು. ರೆಫರಿ ಅದನ್ನು ಪ್ರತಿ ವಾರ "ಗ್ಯಾಂಡಿ ಬೆರಂಡಾ" ಅಂತ ಕೂಗುತ್ತಿದ್ದ, ಯಾವುದೋ ಇಟಾಲಿಯನ್ ಹೋಟೆಲಿನ ಹೆಸರಿನ ಹಾಗೆ. ಜೆರ್ಸಿಯ ಮೇಲಿನ ಹಕ್ಕಿಗೆ ಎರಡು ತಲೆ ಯಾಕೆ ಅಂತ ಕೀತ್ ಕೇಳಿದಾಗ, "ಒಂದು ಮುಂದೆ ನೋಡೋಕೆ, ಇನ್ನೊಂದು ನಮ್ಮ ಗೋಲೊಳಗೆ ಹೋದ ಚೆಂಡು ನೋಡೋಕೆ" ಅಂದಿದ್ದೆ. ಅವನಿಗೆ ಆ ಉತ್ತರ ಬಹಳ ಹಿಡಿಸಿತು. ಅವನ ಊರಿನ ಟೀಮಿಗೂ ಅಂಥ ಹಕ್ಕಿಯೇ ಬೇಕಾಗಿತ್ತಂತೆ.

ಕೀತನ ಊರಿನ ಟೀಮಿನ ವಿಷಯ ಹೇಳಲೇಬೇಕು. ಇಂಗ್ಲೆಂಡಿನ ಫುಟ್‌ಬಾಲು ಒಂದು ಏಣಿ. ಮೇಲಿನ ಮೆಟ್ಟಿಲಲ್ಲಿ ನಮ್ಮ ನಿಮ್ಮ ಟೀವಿಗಳಲ್ಲಿ ಬರುವ ಶ್ರೀಮಂತ ಟೀಮುಗಳು. ಕೆಳಗೆ ಇಳಿದ ಹಾಗೆಲ್ಲ ಸಣ್ಣ ಊರು, ಸಣ್ಣ ಮೈದಾನ, ಕೆಸರು. ಕೀತನ ಟೀಮು ಎಲ್ಲಿದೆಯೆಂದರೆ, ಏಣಿಗೆ ಕೆಳಗಿನಿಂದ ಆಸರೆ ಕೊಟ್ಟಿದೆ ಅನ್ನಬಹುದು. ಒಂದು ದಿನ ಲಂಚಿನ ಹೊತ್ತಿಗೆ ಅವನು ಫೋನು ನೋಡಿ ಕೆಂಪಾಗಿ ಕೂತಿದ್ದ. ನಮ್ಮ ಮಾತೆಲ್ಲ ಇಂಗ್ಲಿಷಿನದು, ನಾನು ನನ್ನ ಕನ್ನಡದಲ್ಲಿ ಹೇಳುತ್ತೇನೆ.

"ದೊಡ್ಡ ಕ್ಲಬ್ಬುಗಳು ತಮ್ಮ ಹುಡುಗರ ಬಿ ಟೀಮುಗಳನ್ನ ನಮ್ಮ ಲೀಗಿಗೆ ಇಳಿಸ್ಬೇಕಂತೆ. ಮತ್ತೆ ಅದೇ ಮಾತು ಎತ್ತಿದ್ದಾರೆ," ಅಂದ.

"ಯಾಕೆ?"

"ಇಂಗ್ಲೆಂಡಿನ ಹುಡುಗರು ಮುಂದೆ ಬರೋಕೆ! ದೊಡ್ಡ ಕ್ಲಬ್ಬಲ್ಲಿ ಅವರಿಗೆ ಆಡೋಕೆ ಚಾನ್ಸಿಲ್ಲ, ಬೆಂಚು ಕಾಯ್ತಾರೆ. ಅದಕ್ಕೆ ಲೀಗನ್ನೇ ಬದಲಾಯಿಸಿ, ನಮ್ಮ ಮೇಲೆ ಪ್ರಾಕ್ಟೀಸು ಮಾಡ್ಲಿ ಅಂತ."

ನಾನು ಮೊಸರನ್ನ ಕಲಸುತ್ತಾ, ಮಕ್ಕಳ ಭವಿಷ್ಯದ ವಿಷಯ ಬಂದಾಗ ಯಾವ ಕನ್ನಡಿಗ ತಂದೆಯಾದರೂ ಹೇಳುವ ಮಾತನ್ನೇ ಹೇಳಿದೆ: "ಒಳ್ಳೇದೇ ಅಲ್ವಾ? ಹುಡುಗರು ಕಲೀತಾರೆ."

ಕೀತ್ ಚಮಚ ಕೆಳಗಿಟ್ಟ. "ನಮ್ಮೂರಲ್ಲಿ ಮಿಲ್ಲು ಮುಚ್ಚಿತು. ಸಂತೆ ನಿಂತಿತು. ಉಳಿದಿರೋದು ಆ ಟೀಮೊಂದೇ. ನಮ್ಮಜ್ಜ ನಿಂತು ನೋಡಿದ ಕಟ್ಟೆ ಮೇಲೆ ನಮ್ಮಪ್ಪ ನಿಂತಿದ್ದಾನೆ, ನಾನು ನಿಂತಿದ್ದೀನಿ. ಯಾರ್ದೋ ಮಕ್ಕಳು ಬಂದು, ನಮ್ಮ ಮೇಲೆ ಅಕ್ಷರ ತಿದ್ದಿ, ಕಲಿತಾದ ಮೇಲೆ ಎದ್ದು ಹೋಗ್ತಾರೆ. ನಾವೇನು ಸ್ಲೇಟಾ?"

ಆ ವಾರವೆಲ್ಲ ಅವನು ನನ್ನ ಜೊತೆ ಕೆಲಸದ ಮಾತು ಮಾತ್ರ ಆಡಿದ. ಇಷ್ಟು ಸಣ್ಣ ವಿಷಯಕ್ಕೆ ಎಷ್ಟು ರಾದ್ಧಾಂತ ಅಂದುಕೊಂಡೆ. ಅದು ಸಣ್ಣ ವಿಷಯವಲ್ಲ ಅಂತ ಗೊತ್ತಾದದ್ದು ನಮ್ಮ ಮನೆಯ ಡೈನಿಂಗ್ ಟೇಬಲ್ಲಿನಲ್ಲಿ.

ನನ್ನ ಮಗಳು ಇಂಚರ ಹೈಸ್ಕೂಲಿನವಳು. ಅವಳು ಫುಟ್‌ಬಾಲನ್ನು ನನ್ನಿಂದ ಕಲಿಯಲಿಲ್ಲ ಅನ್ನುವುದು ಅವಳ ಆಟ ನೋಡಿದವರಿಗೆಲ್ಲ ತಿಳಿಯುತ್ತದೆ. ಒಳ್ಳೆಯ ಕ್ಲಬ್ಬೊಂದರ ಹುಡುಗಿಯರ ಮುಖ್ಯ ಟೀಮಿಗೆ ಆಯ್ಕೆಯಾಗಿದ್ದಳು. ನಾವೂ ಊರಿಗೆಲ್ಲ ಫೋನು ಮಾಡಿ ಹೇಳಿದ್ದೆವು. ಆದರೆ ಸೀಸನ್ ಪೂರ್ತಿ ಅವಳು ಬೆಂಚಿನ ಮೇಲೆ. ಪ್ರತಿ ಶನಿವಾರ ಶೂ ಕಟ್ಟಿಕೊಂಡು ಹೋಗುವುದು, ಹೋದ ಹಾಗೆಯೇ ಕ್ಲೀನಾಗಿ ಬರುವುದು. ಬಟ್ಟೆ ಒಗೆಯುವ ಕೆಲಸವಿಲ್ಲ ಅಂತ ನಾನೊಮ್ಮೆ ತಮಾಷೆ ಮಾಡಿದೆ. ಅವಳು ನಗಲಿಲ್ಲ.

ಒಂದು ಸಂಜೆ ಚಪಾತಿ ಹರಿಯುತ್ತಾ, "ಐ ಥಿಂಕ್ ಐಯಾಮ್ ಡನ್," ಅಂದಳು.

"ಊಟ ಇನ್ನೂ ಅರ್ಧಾನೂ ಆಗಿಲ್ಲ, ಪುಟ್ಟಾ," ಅಂದೆ.

"ವಿತ್ ಸಾಕರ್, ಅಪ್ಪಾ."

ಎದ್ದು ರೂಮಿಗೆ ಹೋದಳು. ಸುಮಾ ನನ್ನನ್ನು ನೋಡಿದಳು. ನಾನು ಪಲ್ಯವನ್ನು ನೋಡಿದೆ. ಇಂಚರ ಚಿಕ್ಕಂದಿನಲ್ಲಿ ಮನೆಯೊಳಗೆ ಚೆಂಡು ಒದ್ದು ಒಡೆದ ದೀಪದ ಜಾಗದಲ್ಲಿ ನಾವಿನ್ನೂ ಹೊಸದನ್ನು ಹಾಕಿರಲಿಲ್ಲ. ಅವಳು ಅರ್ಧ ಬಿಟ್ಟ ಚಪಾತಿ ತಟ್ಟೆಯಲ್ಲೇ ಇತ್ತು.

ಸುಮಾ ಸುಮ್ಮನೆ ಕೂರುವವಳಲ್ಲ. ಅವಳು ಎಮರಿವಿಲ್ಲಿನ ಅನಿಮೇಷನ್ ಸ್ಟುಡಿಯೋ ಒಂದರಲ್ಲಿ ಕೆಲಸ ಮಾಡುವವಳು. ಮಗಳ ಕ್ಲಬ್ಬಿನ ಪೇರೆಂಟ್ಸ್ ಕಮಿಟಿಯಲ್ಲೂ ಇದ್ದಳು. ಕೆಲವು ವಾರಗಳಲ್ಲಿ ನಮ್ಮ ಲೀಗಿನ ಎಲ್ಲ ಟೀಮುಗಳಿಗೂ ಮೀಟಿಂಗಿನ ಕರೆ ಬಂತು. ಕೀತ್ ಆ ದಿನ ಆಫೀಸಿನ ಕೆಲಸದ ಮೇಲೆ ಊರಿನಲ್ಲಿರಲಿಲ್ಲ. "ನೀನೇ ಹೋಗು. ಏನೇ ಹೊಸದು ತಂದ್ರೂ ಬೇಡ ಅನ್ನು," ಅಂತ ಕ್ಯಾಪ್ಟನ್ನಾಗಿ ನನಗೆ ಆಜ್ಞೆ ಮಾಡಿ ಹೋದ.

ಫ್ರಿಮಾಂಟಿನ ಪಿಟ್ಜಾ ಅಂಗಡಿಯ ಹಿಂದಿನ ರೂಮಿಗೆ ನಾನು ಹೋದಾಗ, ಎದುರಿನ ಗೋಡೆಯ ಮೇಲೆ ಸ್ಲೈಡು ತೋರಿಸಲು ನಿಂತಿದ್ದವಳು ನನ್ನ ಹೆಂಡತಿ. ಬೆಳಿಗ್ಗೆ "ಸಂಜೆ ಏನೋ ಚಿಕ್ಕ ಮೀಟಿಂಗಿದೆ" ಅಂದದ್ದು ಇದೇ.

ಪ್ಲಾನು ಇಷ್ಟು: ಮೂರನೇ ಡಿವಿಜನ್ನಿಗೆ ಕ್ಲಬ್ಬಿನ ಹುಡುಗಿಯರ ಬಿ ಟೀಮನ್ನು ಸೇರಿಸಬೇಕು. ಬೆಂಚು ಕಾಯುವ ಮಕ್ಕಳಿಗೆ ದೊಡ್ಡವರ ಎದುರು ಆಡಿ ಅನುಭವ ಬರುತ್ತದೆ. ಮೈದಾನ ಸಿಗುವ ಹೊತ್ತು ಕಡಿಮೆಯಾದ್ದರಿಂದ ಸೀಸನ್ನಿನ ಕೊನೆಯಲ್ಲಿ ತಳದಲ್ಲಿ ಇರುವ ಟೀಮು ಲೀಗಿನಲ್ಲಿ ತನ್ನ ಜಾಗ ಬಿಡಬೇಕು. ಬೇರೆಯವರಾಗಿದ್ದರೆ ಇದನ್ನು ನಾಲ್ಕು ಸಾಲಿನಲ್ಲಿ ಬರೆದು ತೋರಿಸುತ್ತಿದ್ದರು. ಸುಮಾ ಬರೆದದ್ದು ಬೆಂಚಿನ ಮೇಲೆ ಕೂತ ಒಬ್ಬ ಪುಟ್ಟ ಹುಡುಗಿಯನ್ನು. ಆಟ ನಡೆಯುತ್ತಿರುತ್ತದೆ, ಹುಡುಗಿ ಕೂತೇ ಇರುತ್ತಾಳೆ, ನಿಧಾನಕ್ಕೆ ಅವಳ ಶೂಗೆ ಜೇಡ ಬಲೆ ಕಟ್ಟುತ್ತದೆ. ಜೇಡಕ್ಕೂ ಅಳು ಬರುತ್ತದೆ. ಪಿಟ್ಜಾ ತಿನ್ನುತ್ತಿದ್ದ ದಪ್ಪ ದಪ್ಪ ಗಂಡಸರು ಮೂಗು ಒರೆಸಿಕೊಂಡರು. ಮುಂದಿನ ಸ್ಲೈಡಿನಲ್ಲಿ ತಳದ ಟೀಮು ಏಣಿಯಿಂದ ಜಾರಿ, ಕೈ ಬೀಸುತ್ತಾ, ನಗುತ್ತಾ ಕೆಳಗೆ ಹೋಯಿತು. ಅದಕ್ಕೆ ಎರಡು ತಲೆ ಇದ್ದ ಹಾಗೆ ನನಗೆ ಕಾಣಿಸಿತು.

ಟೀಮಿಗೊಂದು ವೋಟು. ಬೇಕು ಅನ್ನುವವರೂ ಬೇಡ ಅನ್ನುವವರೂ ಸಮ ಸಮ ಬಂದು, ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು. ಕೀತನ ಆಜ್ಞೆ ನೆನಪಿತ್ತು. ಸುಮಾ ನನ್ನನ್ನು ನೋಡಲೇ ಇಲ್ಲ, ಲ್ಯಾಪ್‌ಟಾಪಿನ ವೈರು ಸುತ್ತುತ್ತಿದ್ದಳು. ಅವಳು ದಿಟ್ಟಿಸಿ ನೋಡಿದ್ದರೆ ಜಿದ್ದಿಗಾದರೂ ಬೇಡ ಅನ್ನುತ್ತಿದ್ದೆನೇನೋ. ನನಗೆ ಅರ್ಧ ಬಿಟ್ಟ ಆ ಚಪಾತಿ ಕಣ್ಣಿಗೆ ಬಂತು. ಬೇಕು ಅಂತ ಕೈ ಎತ್ತಿದೆ.

ಕೀತ್ ವಾಪಸು ಬಂದ ದಿನ ನಾನೇ ಹೇಳಿದೆ. ಅವನು ಬ್ಯಾಗನ್ನು ಡೆಸ್ಕಿನ ಮೇಲಿಟ್ಟ.

"ಮಗಳಿಗೋಸ್ಕರ?"

"ಹೂಂ."

"ನನಗೆ ಮಗಳಿದ್ದಿದ್ರೆ ನಾನೂ ಅದನ್ನೇ ಮಾಡ್ತಿದ್ದೆ," ಅಂದ. ಆಮೇಲೆ, "ಆದ್ರೂ ನೀನು ಮಾಡಿದ್ದು ತಪ್ಪು," ಅಂದ. ಎರಡೂ ಮಾತು ನಿಜವೇ ಆದ್ದರಿಂದ ನಾವು ಕಾಫಿ ಕುಡಿಯಲು ಹೋದೆವು.

ಇಂಚರ ಬಿ ಟೀಮಿನಲ್ಲಿ ಆಡತೊಡಗಿದಳು. ಭಾನುವಾರ ಮಧ್ಯಾಹ್ನ ಮಣ್ಣು, ಹುಲ್ಲು, ಬೆವರು ಎಲ್ಲ ಮೆತ್ತಿಕೊಂಡು ಮನೆಗೆ ಬಂದು, ಫ್ರಿಜ್ಜಿನ ಬಾಗಿಲು ತೆರೆದಿಟ್ಟುಕೊಂಡೇ ಪಾತ್ರೆಯಿಂದ ನೇರ ಬಿಸಿಬೇಳೆಬಾತು ತಿನ್ನುತ್ತಿದ್ದಳು. ಬೈಯಬೇಕಾದ ಸುಮಾ ಅದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಇತ್ತ ಗಂಡಭೇರುಂಡ ವಾರ ವಾರವೂ ಸೋಲುತ್ತಿತ್ತು. ಕೊನೆಯ ಪಂದ್ಯ ಬರುವ ಹೊತ್ತಿಗೆ ನಾವು ತಳದಲ್ಲಿದ್ದೆವು. ಡ್ರಾ ಆದರೂ ಸಾಕು, ಉಳಿದುಕೊಳ್ಳುತ್ತಿದ್ದೆವು. ಎದುರಾಳಿ ಯಾರು ಅಂತ ನೀವು ಆಗಲೇ ಊಹಿಸಿರುತ್ತೀರಿ.

ಕೀತ್ ನಮಗೆ ಬುಧವಾರವೂ ಪ್ರಾಕ್ಟೀಸು ಇಟ್ಟ. ಪ್ಲಾನು ಕೊಟ್ಟವರು ಮಾತ್ರ ನಮ್ಮ ಗೋಲಿನ ಮುಂದೆ ಕಾಯುವ ಬ್ಯಾಕು ಪಾಟೀಲರು. ಧಾರವಾಡದವರು, ಹಲ್ಲಿನ ಡಾಕ್ಟರು. "ಇಂಗ್ಲಿಷ್‌ನ್ಯಾಗ ಕೂಗಿದ್ರ ಆ ಹುಡುಗ್ಯಾರಿಗೆ ಎಲ್ಲಾ ತಿಳೀತದ ನೋಡ್ರಿ. ಕನ್ನಡದಾಗ ಕೂಗೂಣು. ಏನ್ ತಿಳೀತದ ಅವಕ್ಕ?" ಅಂದರು.

ಕೀತನಿಗೆ ಇದನ್ನು ವಿವರಿಸಿದಾಗ ಅವನ ಕಣ್ಣು ಹೊಳೆಯಿತು. ಇಷ್ಟು ಒಳ್ಳೆಯ ತಂತ್ರವನ್ನು ತನ್ನ ಊರಿನ ಯಾವ ಮ್ಯಾನೇಜರೂ ಮಾಡಿಲ್ಲ ಅಂದ. ಕಾರ್‌ಪೂಲಿನಲ್ಲಿ ಎಡ, ಬಲ, ಬಾ, ಬೇಡ ಅಂತ ಬಾಯಿಪಾಠ ಮಾಡಿದ. "ನಿನ್ನ ಮಗಳಿಗೆ ತಿಳಿಯುತ್ತಲ್ಲವೇ?" ಅಂತ ಒಂದು ಅನುಮಾನ ಮಾತ್ರ ಅವನಿಗಿತ್ತು.

"ಇಂಚರಳಿಗಾ? ಊಟಕ್ಕೆ ಬಾ ಅಂತ ಕರೆದ್ರೆ ಇನ್ ಎ ಮಿನಿಟ್ ಅಂತಾಳೆ. ಅವಳ ಕನ್ನಡ ಅಷ್ಟೆ," ಅಂತ ನಾನು ಧೈರ್ಯ ಕೊಟ್ಟೆ. ಇನ್ ಎ ಮಿನಿಟ್ ಅನ್ನಬೇಕಾದರೆ ಊಟಕ್ಕೆ ಬಾ ಅನ್ನುವುದು ಅರ್ಥವಾಗಿರಲೇಬೇಕು ಅನ್ನುವ ಸರಳ ಲಾಜಿಕ್ಕು ಟೀಮಿನಲ್ಲಿದ್ದ ಅಷ್ಟೂ ಇಂಜಿನಿಯರುಗಳಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಪಂದ್ಯ ಶುರುವಾಯಿತು. "ಎಡಕ್ಕ ಹಾಕ್ರಿ!" ಅಂತ ಪಾಟೀಲರು ಕೂಗಿದರು. ನಾನು ಎಡಕ್ಕೆ ಹಾಕಿದೆ. ಇಂಚರ ಅಲ್ಲಿ ಕಾಯುತ್ತಿದ್ದಳು. "ಬಲಕ್ಕೆ!" ಅಂದೆ. ಹುಡುಗಿಯರು ನಮಗಿಂತ ಮೊದಲೇ ಬಲಕ್ಕೆ ಹೋಗಿದ್ದರು. ನಾನು ಮೈಸೂರು ಕನ್ನಡ ಬಿಟ್ಟು ಹಳೇ ಮಂಡ್ಯಕ್ಕೆ ಇಳಿದು, "ಹಿಂದಕ್ಕೆ ಒದಿರಲಾ!" ಅಂತ ಅರಚಿದೆ. ಹಿಂದೆಯೂ ಒಬ್ಬಳಿದ್ದಳು. ಆಗ ಗಮನಿಸಿದೆ. ನಾವು ಒಂದೊಂದು ಸಲ ಬಾಯಿ ತೆರೆದಾಗಲೂ ನನ್ನ ಮಗಳು ಶಾಂತವಾಗಿ, ಸಭೆಯ ದುಭಾಷಿಯ ಹಾಗೆ, "ಲೆಫ್ಟ್," "ರೈಟ್," "ಬ್ಯಾಕ್" ಅಂತ ತನ್ನ ಟೀಮಿಗೆ ಹೇಳುತ್ತಿದ್ದಳು. ಧಾರವಾಡದ ಕನ್ನಡವನ್ನೂ ಬಿಡಲಿಲ್ಲ. ಈ ನಡುವೆ ಕೀತ್ ತಾನು ಕಲಿತದ್ದನ್ನು ವ್ಯರ್ಥ ಮಾಡಬಾರದೆಂದು, ಗಾಳಿಯಲ್ಲಿ ಬರುತ್ತಿದ್ದ ಚೆಂಡಿಗೇ "ಬಾ, ಬಾ, ಬಾ" ಅನ್ನುತ್ತಿದ್ದ.

ಹಾಫ್ ಟೈಮಿಗೆ ಮೂರು ಸೊನ್ನೆ. ಕಿತ್ತಲೆ ತೊಳೆ ತಿನ್ನುತ್ತಾ ಪಾಟೀಲರು ನನ್ನನ್ನು ನೋಡಿ, "ನಿಮ್ಮ ಮಗಳಿಗೆ ಕನ್ನಡ ಬರೂದಿಲ್ಲ ಅಂದ್ರಿ?" ಅಂದರು.

"ಮಾತಾಡೋಕೆ ಬರಲ್ಲ."

"ಹಂಗಾರ ಭಾಳ ಛಲೋ ಆತು ಬಿಡ್ರಿ. ಬಂದಿದ್ರ ಇನ್ನೆಷ್ಟು ಗೋಲ್ ಆಗ್ತಿದ್ವೋ!"

ಎರಡನೇ ಅರ್ಧದಲ್ಲಿ ನಮಗೊಂದು ಕಾರ್ನರ್ ಸಿಕ್ಕಿತು. ಕೀತ್ ನಿಧಾನವಾಗಿ ಹೋಗಿ ಆ ಟೀಮಿನ ಗೋಲ್‌ಕೀಪರ್ ಹುಡುಗಿಯ ಮುಂದೆ ಬೀರುವಿನ ಹಾಗೆ ನಿಂತು, ಇವತ್ತು ಬಿಸಿಲು ಜಾಸ್ತಿ ಅಂತ ಅವಳ ಜೊತೆ ಹವಾಮಾನ ಮಾತಾಡತೊಡಗಿದ. ಆ ಮಗು ಮರ್ಯಾದೆಗೆ ಹೌದು ಅನ್ನುವಷ್ಟರಲ್ಲಿ ಚೆಂಡು ಬಂತು, ಕೀತನ ತಲೆ ಅದಕ್ಕೆ ತಗುಲಿತು, ಗೋಲಾಯಿತು. ಇದು ಫೌಲಲ್ಲವೇ ಅಂತ ನಾನು ಕಿವಿಯಲ್ಲಿ ಕೇಳಿದ್ದಕ್ಕೆ, "ನಮ್ಮೂರಲ್ಲಿ ಇದನ್ನ ಸಂಸ್ಕೃತಿ ಅಂತಾರೆ," ಅಂದ.

ನಮಗೆ ಹುರುಪು ಬಂತು. ಆಗಲೇ ಅದು ನಡೆದದ್ದು. ಇಂಚರ ಚೆಂಡಿನ ಜೊತೆ ನಮ್ಮ ಗೋಲಿನ ಕಡೆ ಬಂದಳು. ಕೀತ್ ಅಡ್ಡ ಹೋದ. ಭುಜಕ್ಕೆ ಭುಜ ತಾಗಿತು. ನ್ಯಾಯವಾದ ಡಿಕ್ಕಿಯೇ. ಆದರೆ ಅವನು ಅಷ್ಟು ದಪ್ಪ, ಅವಳು ಇಷ್ಟೇ ಇಷ್ಟು. ಬಿದ್ದಳು. ರೆಫರಿ ಸೀಟಿ ಊದಲಿಲ್ಲ. ನನಗೆ ಸೀಟಿಯ ಪರಿವೆಯೂ ಇರಲಿಲ್ಲ. ಮೈದಾನ, ಲೀಗು, ಡ್ರಾ ಎಲ್ಲ ಮರೆತು ಓಡಿದೆ. ಕೀತ್ ಬೆಳ್ಳಗೆ ಬಿಳಿಚಿಕೊಂಡು ನಿಂತಿದ್ದ.

"ಪುಟ್ಟಾ, ಪೆಟ್ಟಾಯ್ತಾ? ಎಲ್ಲಿ? ತೋರ್ಸು," ಅಂತ ಬಗ್ಗಿದೆ.

ಅವಳು ಆಗಲೇ ಎದ್ದಿದ್ದಳು. ಚೆಂಡು ಅವಳ ಕಾಲ ಹತ್ತಿರವೇ ಇತ್ತು. ನನ್ನನ್ನೂ ನನ್ನ ಬೆನ್ನ ಹಿಂದಿದ್ದ ಗೋಲನ್ನೂ ಒಮ್ಮೆ ನೋಡಿ, "ಅಪ್ಪಾ, ಒಸಿ ಅತ್ಲಾಗ್ ಸರ್ಕೋ," ಅಂದಳು.

ಒಸಿ! ಸುಮಾ ಬೆಂಗಳೂರಿನವಳು, ನಮ್ಮ ಮನೆಯಲ್ಲಿ ಯಾರೂ ಒಸಿ ಅನ್ನುವುದಿಲ್ಲ. ಕಾಲೇಜಿಗೆ ಸೇರಿದ ಮೊದಲ ವಾರ ಹಾಸ್ಟೆಲಿನವರು ನಕ್ಕರು ಅಂತ ನಾನು ಬಿಟ್ಟುಬಿಟ್ಟ ಮಂಡ್ಯದ ಮಾತು ಅದು. ಅವ್ವನ ಜೊತೆ ಫೋನಿನಲ್ಲಿ ಮಾತಾಡುವಾಗ ಮಾತ್ರ ಬಾಯಿಗೆ ಬರುತ್ತದೆ. ಆಗೆಲ್ಲ ಈ ಹುಡುಗಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಸೋಫಾದ ಮೇಲೆ ಬಿದ್ದಿರುತ್ತಿದ್ದಳಲ್ಲ! ನನ್ನ ಎದೆ ತುಂಬಿ ಬಂತು. ಎದೆ ತುಂಬಿದವನು ಏನು ಮಾಡುತ್ತಾನೆ? ಹೇಳಿದ ಮಾತು ಕೇಳುತ್ತಾನೆ. ನಾನು ಒಸಿ ಅತ್ತಲಾಗೆ ಸರಿದುಕೊಂಡೆ.

ಅವಳು ಆ ಸಂದಿಯಲ್ಲೇ ಗೋಲು ಹೊಡೆದಳು.

"ಏನ್ರೀ ಮಾರಾಯ್ರ," ಅಂತ ಪಾಟೀಲರು ಎರಡೂ ಕೈ ಮೇಲೆತ್ತಿದರು, "ಸರಕೋ ಅಂದ್ರ ಸರಕೊಂಡೇ ಬಿಡೂದೇನ್ರೀ?"

ಐದು ಒಂದಕ್ಕೆ ಸೋತೆವು. ರೆಫರಿ ಕೊನೆಯ ಸಲ "ಗ್ಯಾಂಡಿ ಬೆರಂಡಾ" ಅಂದ. ನಾವು ಕೈ ಕುಲುಕಿ, ಜೆರ್ಸಿ ಬಿಚ್ಚಿ, ಸಾವಿನ ಮನೆಯಿಂದ ಹೊರಟವರ ಹಾಗೆ ಪಾರ್ಕಿಂಗ್ ಲಾಟಿಗೆ ನಡೆದೆವು. ಇಷ್ಟು ವರ್ಷ ಭಾನುವಾರ ಬೆಳಿಗ್ಗೆ ಅಂದರೆ ಅಲ್ಲಿಗೇ. ಇನ್ನು ಮುಂದೆ ಎಲ್ಲಿಗೆ ಹೋಗುವುದು ಅಂತ ಯಾರೂ ಕೇಳಲಿಲ್ಲ. ಲಂಚಿನ ಹೊತ್ತಿನ ಕೀತನ ಸ್ಲೇಟಿನ ಮಾತು ನನಗೆ ಆಗ ಅರ್ಥವಾಯಿತು. ಅರ್ಥವಾದದ್ದನ್ನು ಅವನಿಗೆ ಹೇಗೆ ಹೇಳುವುದು ಅಂತ ತಿಳಿಯದೆ ನಾನು ಚೆಂಡುಗಳನ್ನು ಟ್ರಂಕಿಗೆ ತುಂಬುತ್ತಿದ್ದೆ.

ತಲೆಯೆತ್ತಿ ನೋಡಿದರೆ ಅವನು ಪಕ್ಕದಲ್ಲಿಲ್ಲ. ಆಚೆ ಸುಮಾಳ ಕಾರಿನ ಹತ್ತಿರ ಇಂಚರಳಿಗೆ ಏನೋ ಹೇಳುತ್ತಿದ್ದ.

"ನೀನು ತುಂಬಾ ಸುಲಭವಾಗಿ ಬೀಳ್ತೀಯ. ನನ್ನಂಥವನು ಬಂದಾಗ ಮೊದಲೇ ಕೈ ಹಿಂದೆ ಚಾಚಿ ಇಲ್ಲಿ, ನನ್ನ ತೋಳಿನ ಮೇಲಿಡು. ತಳ್ಳಬೇಡ. ಸುಮ್ಮನೆ ಇಡು. ನಾನು ಎಲ್ಲಿದ್ದೀನಿ ಅಂತ ನಿನಗೆ ಗೊತ್ತಾಗಬೇಕು, ಅಷ್ಟೆ." ಹೇಳುತ್ತಾ ಅವಳಿಗೆ ಡಿಕ್ಕಿ ಕೊಡಲು ಬಂದ. ಅವಳು ಜಾರಿದಳು. ಮತ್ತೆ ಬಂದ. ಅವಳು ಕೈ ಇಟ್ಟು ನಿಂತಳು. ಮತ್ತೆ, ಮತ್ತೆ. ಉಳಿದ ಹುಡುಗಿಯರೂ ಸುತ್ತ ಸೇರಿದರು. ನಾನು ಇಷ್ಟು ವರ್ಷ ಹೇಳಿದ ಯಾವ ಮಾತನ್ನೂ ಅವಳು ಹಾಗೆ ಬಾಯಿ ಮುಚ್ಚಿಕೊಂಡು ಕೇಳಿದ್ದು ನಾನು ಕಂಡಿಲ್ಲ.

ಲೀಗಿನಿಂದ ಹೊರಬಿದ್ದ ಮೇಲೂ ನಾವು ಭಾನುವಾರ ಸೇರುತ್ತೇವೆ. ಒಂದು ಸ್ಕೂಲಿನ ಹಿಂದೆ ಯಾರಿಗೂ ಬೇಡವಾದ ಹುಲ್ಲಿನ ತುಂಡಿದೆ, ಇಳಿಜಾರು. ಒಂದು ಅರ್ಧದಲ್ಲಿ ಹತ್ತುತ್ತೇವೆ, ಇನ್ನೊಂದು ಅರ್ಧದಲ್ಲಿ ಇಳಿಯುತ್ತೇವೆ. ಪಾಟೀಲರು ಉಪ್ಪಿಟ್ಟು ತರುತ್ತಾರೆ. ಇತ್ತೀಚೆಗೆ ಆಟ ಕಡಿಮೆಯಾಗಿ ಉಪ್ಪಿಟ್ಟು ಜಾಸ್ತಿಯಾಗಿದೆ. ಇಂಗ್ಲೆಂಡಿನಲ್ಲಿ ದೊಡ್ಡ ಕ್ಲಬ್ಬಿನ ಹುಡುಗರು ಒಂದು ಕಪ್ ಟೂರ್ನಮೆಂಟಿನಲ್ಲಿ ಕೀತನ ಊರಿನವರ ಜೊತೆ ಆಡುತ್ತಾರಂತೆ. ತಾನು ಆ ಪಂದ್ಯ ನೋಡುವುದಿಲ್ಲ ಅಂತ ಶಪಥ ಮಾಡಿದ್ದಾನೆ. ಮಧ್ಯೆ ಮಧ್ಯೆ ಫೋನು ತೆಗೆದು ಸ್ಕೋರು ನೋಡುವುದು ಆ ಶಪಥಕ್ಕೆ ಒಳಪಟ್ಟಿಲ್ಲವಂತೆ.

ಈ ವಸಂತದಲ್ಲಿ ಇಂಚರಳನ್ನು ಮತ್ತೆ ಮುಖ್ಯ ಟೀಮಿಗೆ ಕರೆದರು. ಮೊದಲ ಪಂದ್ಯ ಮಾರ್ಗನ್ ಹಿಲ್ಲಿನಲ್ಲಿ. "ಯು ಡೋಂಟ್ ಹ್ಯಾವ್ ಟು ಕಮ್, ಅಪ್ಪಾ. ಇಟ್ಸ್ ಫಾರ್," ಅಂತ ಹೇಳಿ ಗೆಳತಿಯ ಕಾರಿನಲ್ಲಿ ಹೋದಳು. ಸುಮಾ ಉಳಿದ ತಾಯಂದಿರ ಜೊತೆ ಹೋದಳು. ನಾನು ಗರಾಜಿನಲ್ಲಿ ನಿಂತು ಹೋಗಲೋ ಬೇಡವೋ ಅಂತ ಯೋಚಿಸುತ್ತಿದ್ದಾಗ ಕೀತ್ ಬಂದು, ಕಾರಿನ ಬಾಗಿಲು ತೆಗೆದು ಕೂತು, ಸೀಟ್ ಬೆಲ್ಟು ಹಾಕಿಕೊಂಡ.

ನಾವು ಹೋಗುವ ಹೊತ್ತಿಗೆ ಆಟ ಶುರುವಾಗಿತ್ತು. ಅವಳು ಬೆಂಚಿನಲ್ಲಿದ್ದಳು. ತಂತಿ ಬೇಲಿಗೆ ಬೆರಳು ಸಿಗಿಸಿಕೊಂಡು ನಿಂತೆವು. ಅರ್ಧ ಮುಗಿಯಿತು, ಇನ್ನರ್ಧವೂ ಹೆಚ್ಚು ಕಡಿಮೆ ಮುಗಿಯಿತು. ಕೀತ್ ಇಂಗ್ಲೆಂಡಿನ ಉತ್ತರದ ಬೈಗುಳಗಳನ್ನು ಬಾಯೊಳಗೇ ಅಗಿಯುತ್ತಿದ್ದ. ಕೊನೆಗೆ ಕೋಚು ಕೈ ಬೀಸಿದಳು. ಇಂಚರ ಎದ್ದು ಓಡಿದಳು.

ಚೆಂಡು ಅವಳ ಕಾಲಿಗೆ ಬಂದದ್ದೇ ತಡ, ಎದುರು ಟೀಮಿನ ಎತ್ತರದ ಹುಡುಗಿಯೊಬ್ಬಳು ಹಿಂದಿನಿಂದ ಬಸ್ಸಿನ ಹಾಗೆ ಬಂದಳು. ಇಂಚರ ತಿರುಗಿಯೂ ನೋಡಲಿಲ್ಲ. ಕೈ ಮಾತ್ರ ಹಿಂದೆ ಚಾಚಿ ಇಟ್ಟಳು. ಬಸ್ಸು ಪಕ್ಕಕ್ಕೆ ಸರಿಯಿತು. ಇವಳು ಹೊರಳಿ, ನಾಲ್ಕು ಹೆಜ್ಜೆ ಹೋಗಿ, ಚೆಂಡನ್ನು ಗೆಳತಿಗೆ ಕೊಟ್ಟಳು. ಅವಳು ಗೋಲು ಹೊಡೆದಳು. ಎಲ್ಲರೂ ಆ ಹುಡುಗಿಯ ಹೆಸರು ಕೂಗುತ್ತಿದ್ದರು. ಕೀತ್ ಒಬ್ಬ ಬೇಲಿ ಅಲ್ಲಾಡಿಸುತ್ತಾ ನನ್ನ ಮಗಳ ಹೆಸರು ಕೂಗುತ್ತಿದ್ದ. ಅವನ ಬಾಯಲ್ಲಿ ಅದು ಯಾವುದೋ ಜ್ವರದ ಹೆಸರಿನ ಹಾಗೆ ಕೇಳುತ್ತಿತ್ತು.

ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದ ಒಬ್ಬ ತಂದೆ ಕೀತನನ್ನು ನೋಡಿ, "ನಿಮ್ಮ ಮಗಳಾ?" ಅಂತ ಕೇಳಿದ.

"ಅಲ್ಲ, ಇವನ ಮಗಳು," ಅಂತ ಕೀತ್ ನನ್ನ ಬೆನ್ನಿಗೆ ಗುದ್ದಿದ. "ಆದರೆ ನಮ್ಮ ಕ್ಲಬ್ಬಿನ ಹುಡುಗಿ. ಮೂರನೇ ಡಿವಿಜನ್ನಿನಲ್ಲಿ ನಾವೇ ತಯಾರು ಮಾಡಿದ್ದು."

"ಓ, ಹೌದಾ? ನಿಮ್ಮಲ್ಲಿ ಯಾವ ಪೊಸಿಷನ್ನಲ್ಲಿ ಆಡ್ತಿದ್ದಳು?"

ಕೀತ್ ಒಂದು ಕ್ಷಣ ಯೋಚಿಸಿದ.

"ನಮ್ಮ ಎದುರಿಗೆ," ಅಂದ.